ಸಿಎನ್‌ಸಿ ಮುಂದೆ ದಿನವಿಡೀ ನಿಂತು ಕೆಲಸ: ಯಾವ ಮ್ಯಾಟ್ ಹಾಕೋದು?

ಪೀಣ್ಯ_ಶಾಪ್

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಐದು ಟರ್ನಿಂಗ್ ಸೆಂಟರ್ (ಲೋಹವನ್ನು ತಿರುಗಿಸಿ ಕಡೆಯೋ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸೋ ಮಷಿನ್), ಎರಡು ವಿಎಂಸಿ (ಮಿಲ್ಲಿಂಗ್ ಮಾಡೋ ಸಿಎನ್‌ಸಿ), ಒಂದು ಇನ್‌ಸ್ಪೆಕ್ಷನ್ ಟೇಬಲ್. ನೆಲ ಬರೀ ಟ್ರೈಮಿಕ್ಸ್ ಕಾಂಕ್ರೀಟ್. ಹುಡುಗರು ಶಿಫ್ಟ್ ಪೂರ್ತಿ ನಿಂತೇ ಇರುತ್ತಾರೆ. ಓಟಿ ಇದ್ದರೆ ಇನ್ನೂ ಜಾಸ್ತಿ. ಊಟ ಆದ ಮೇಲೆ ಹಿಮ್ಮಡಿ ಉರಿ, ಸೊಂಟ ಹಿಡಿಯೋದು ಶುರುವಾಗುತ್ತದೆ. ಹಿರಿಯ ಆಪರೇಟರ್ ಒಬ್ಬರಿಗೆ ಕಾಲಿನ ನರ ಉಬ್ಬಿಕೊಂಡಿದೆ.

ಈಗ ಮಷಿನ್ ಮುಂದೆ ಮರದ ಪ್ಯಾಲೆಟ್ ಹಲಗೆ ಇದೆ. ಅವರೇ ಹಾಕಿಕೊಂಡದ್ದು. ಆಡಿಟ್‌ಗೆ ಬಂದ ಕಸ್ಟಮರ್ ಕಡೆಯವರು ಅದನ್ನು ನೋಡಿ, "ಯಾರಾದರೂ ಎಡವಿ ಬೀಳುತ್ತಾರೆ, ತೆಗೀರಿ" ಅಂದರು. ತೆಗೆಯೋಣ, ಬದಲಿಗೆ ಏನು ಹಾಕೋದು?

ಅಂಗಡಿಯವರು ಮೂರು ಸ್ಯಾಂಪಲ್ ಕೊಟ್ಟಿದ್ದಾರೆ. ಒಂದು, ಮಕ್ಕಳ ರೂಮಲ್ಲಿ ತುಂಡು ತುಂಡು ಜೋಡಿಸುತ್ತಾರಲ್ಲ, ಆ ಇವಿಎ ಫೋಮ್. ಇನ್ನೊಂದು, ಮೇಲೆ ಗುಳ್ಳೆ ಗುಳ್ಳೆ ಇರುವ ಬೂದು ಪಿವಿಸಿ. ಮೂರನೇದು ತೂತು ತೂತಿನ ಕಪ್ಪು ರಬ್ಬರ್, ಎತ್ತೋದಕ್ಕೇ ಭಾರ. ಅವರ ಪ್ರಕಾರ ಮೂರೂ ಆಂಟಿ ಫಟೀಗ್, ಅಂದರೆ ನಿಂತವರ ದಣಿವು ತಗ್ಗಿಸೋ ಮ್ಯಾಟೇ. ದರಕ್ಕೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಯಾವುದು ತಗೊಳ್ಳಲಿ? ಎಷ್ಟು ದಪ್ಪ? ಶಾಪ್ ಪೂರ್ತಿ ಹಾಸಬೇಕಾ?

ಮೂರು_ಜಾ_ಚಕ್

ಸರ್, ನಾನು ಟರ್ನಿಂಗ್ ಸೆಂಟರ್ ಮುಂದೆ ವರ್ಷಗಟ್ಟಲೆ ನಿಂತವನು. ಸ್ಯಾಂಪಲ್ ಪಕ್ಕಕ್ಕಿಡಿ, ಮೊದಲು ನೆಲದ ಕಥೆ ಹೇಳಿ. ಕೂಲಂಟ್ (ಕಡೆಯುವಾಗ ತಂಪಿಗೆ ಹರಿಸೋ ದ್ರವ) ನೀರಿಗೆ ಬೆರೆಸೋದಾ, ನೀರು ಸೇರಿಸದ ನೀಟ್ ಕಟಿಂಗ್ ಆಯಿಲ್ಲಾ? ಚಿಪ್ಸ್, ಅಂದರೆ ಕಡೆದ ಲೋಹದ ಚೂರು, ಸುರುಳಿ ಸುರುಳಿ ಬರುತ್ತಾ, ಕಾಸ್ಟ್ ಐರನ್ ಪುಡಿಯಾ? ಬಾಗಿಲು ತೆರೆದಾಗ ಕೂಲಂಟ್ ಎಲ್ಲಿ ತೊಟ್ಟಿಕ್ಕುತ್ತದೆ? ಹ್ಯಾಂಡ್ ಪ್ಯಾಲೆಟ್ ಟ್ರಕ್ ಮಷಿನ್ ಹತ್ತಿರ ಎಲ್ಲಿಯವರೆಗೆ ಬರುತ್ತದೆ? ಇಷ್ಟು ಗೊತ್ತಾದರೆ ಮೂರು ಸ್ಯಾಂಪಲ್‌ನಲ್ಲಿ ಎರಡು ತಾನಾಗೇ ಬಿದ್ದುಹೋಗುತ್ತವೆ.

ಆಮೇಲೆ ಫುಟ್ ಪೆಡಲ್. ಕಡೆಯೋ ಲೋಹದ ತುಂಡನ್ನು, ಅಂದರೆ ಜಾಬನ್ನು, ಬಿಗಿಹಿಡಿಯೋ ಚಕ್ ತೆರೆಯೋ ಪೆಡಲನ್ನು ಮ್ಯಾಟ್ ಮೇಲೆ ಇಡಲೇಬೇಡಿ. ಮೆತ್ತನೆ ಜಾಗದಲ್ಲಿ ಅದು ತುಳಿದಾಗಲೆಲ್ಲ ಓಲಾಡುತ್ತದೆ, ನಿಧಾನಕ್ಕೆ ಮಷಿನ್ ಅಡಿಗೆ ಸರಿದುಹೋಗುತ್ತದೆ. ಒಂದು ಕೈಯಲ್ಲಿ ಜಾಬ್ ಹಿಡಿದು ಕಾಲಲ್ಲಿ ಪೆಡಲ್ ತಡಕೋ ಆಪರೇಟರ್‌ನ ಬೆರಳು ಚಕ್‌ನ ಹಿಡಿತದ ಹಲ್ಲು, ಅಂದರೆ ಜಾ ನಡುವೆ ಸಿಕ್ಕೋದಕ್ಕೆ ಜಾಸ್ತಿ ಹೊತ್ತು ಬೇಡ. ಪೆಡಲ್ ಅಳತೆಗೆ ಮ್ಯಾಟ್ ಅಂಚಲ್ಲಿ ಒಂದು ಕಚ್ಚು ಕತ್ತರಿಸಿ. ಪೆಡಲ್ ಸಿಮೆಂಟ್ ಮೇಲೇ ಕೂರಲಿ.

ಇನ್ನು ಆ ಹಲಗೆ. ಆಡಿಟ್‌ನವರು ಹೇಳಿದ್ದು ಸರಿ, ಆದರೆ ಹುಡುಗರು ಅದನ್ನು ಯಾಕೆ ಹಾಕಿಕೊಂಡರು ಅಂತ ಯಾರಾದರೂ ಕೇಳಿದ್ದೀರಾ? ಮೆತ್ತಗಿರಲಿ ಅಂತ ಇರಲಾರದು, ಮರವೂ ಗಟ್ಟಿಯೇ ಅಲ್ವಾ. ಕಾಲಡಿ ಕೂಲಂಟ್ ನಿಲ್ಲಬಾರದು ಅಂತ ಹಾಕಿರಬಹುದು. ಇಲ್ಲ, ಕುಳ್ಳಗಿರೋರಿಗೆ ಚಕ್ ಎಟುಕಲಿ ಅಂತ ಹಾಕಿರಬಹುದು. ಎತ್ತರಕ್ಕೆ ಅಂತ ಹಾಕಿದ್ದರೆ, ಹಲಗೆ ತೆಗೆದು ಹದಿನೈದು ಮಿಲಿಮೀಟರ್ ಮ್ಯಾಟ್ ಹಾಕಿದ ದಿನದಿಂದ ಕಾಲು ನೋವು ಹೋಗಿ ಭುಜದ ನೋವು ಬರುತ್ತದೆ.

ಪೀಣ್ಯ_ಶಾಪ್

ಒಳ್ಳೆ ಪ್ರಶ್ನೆ, ಈಗಲೇ ಹೋಗಿ ಕೇಳಿ ಬಂದೆ. ಮೂರು ಮಷಿನ್‌ನಲ್ಲಿ ಕಾರಣ ಕೂಲಂಟ್. ಒಂದರಲ್ಲಿ ನೀವು ಹೇಳಿದ ಹಾಗೆ ಎತ್ತರ. ಅಲ್ಲಿರುವ ಹುಡುಗ ಐದಡಿ ಎರಡಿಂಚು, ಮಷಿನ್ ಬೇಸ್ ಎತ್ತರ. ಇನ್ನೊಂದರಲ್ಲಿ "ಎಲ್ಲರೂ ಹಾಕಿದ್ದಾರೆ ಅಂತ ನಾನೂ ಹಾಕಿದೆ" ಅಂದ.

ಕೂಲಂಟ್ ನೀರಿಗೆ ಬೆರೆಸೋದೇ. ಆದರೆ ಮಷಿನ್ ಒಳಗಿನ ಜಾರುವ ಹಳಿಗಳಿಗೆ ಹಾಕೋ ಸ್ಲೈಡ್‌ವೇ ಆಯಿಲ್ ಅದರ ಜೊತೆ ಸೇರಿ ನೆಲಕ್ಕೆ ಬರುತ್ತದೆ. ನಾಲ್ಕು ಮಷಿನ್‌ನಲ್ಲಿ ಇಎನ್8 (ಒಂದು ಬಗೆಯ ಸ್ಟೀಲ್), ಮೈಲ್ಡ್ ಸ್ಟೀಲ್, ಸುರುಳಿ ಚಿಪ್ಸ್. ಒಂದರಲ್ಲಿ ಕಾಸ್ಟ್ ಐರನ್, ಡ್ರೈ, ಅಂದರೆ ಕೂಲಂಟ್ ಇಲ್ಲದೆ. ಹ್ಯಾಂಡ್ ಪ್ಯಾಲೆಟ್ ಮಷಿನ್‌ನಿಂದ ನಾಲ್ಕಡಿ ದೂರದ ಹಳದಿ ಗೆರೆ ತನಕ ಬರುತ್ತದೆ.

ರಬ್ಬರ್_ಮಿಕ್ಸಿಂಗ್

ರಬ್ಬರ್ ಮೋಲ್ಡಿಂಗ್ ಕೆಲಸದವನು ನಾನು. ಮ್ಯಾಟ್ ಮಾರೋದಿಲ್ಲ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ಇವಿಎ ನಿಮ್ಮ ಮಷಿನ್ ಮುಂದೆ ಬೇಡವೇ ಬೇಡ. ಹಗುರ, ಅಗ್ಗ, ಹೊಸದರಲ್ಲಿ ಕಾಲಿಗೆ ಹಿತ. ಆದರೆ ದಿನಾ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಕುಗ್ಗಿ ಕೂತುಬಿಡುತ್ತದೆ, ಮೇಲೇಳೋದಿಲ್ಲ. ಎರಡು ಪಾದದ ಗುಂಡಿ ಬೀಳುತ್ತದೆ. ಸ್ಟೀಲ್ ಸುರುಳಿ ಅದನ್ನು ಬ್ಲೇಡ್ ಹಾಕಿದ ಹಾಗೆ ಸೀಳುತ್ತದೆ. ಜೋಡಣೆ ಬಿಟ್ಟುಕೊಂಡು ತುದಿ ಮೇಲೆ ಎದ್ದರೆ ಎಡವೋದಕ್ಕೆ ಮರದ ಹಲಗೆಯೇ ಬೇಕಿಲ್ಲ. ಪ್ಯಾಕಿಂಗ್ ಟೇಬಲ್ ಮುಂದೆ, ಒಣ ನೆಲದಲ್ಲಿ, ದಿನಕ್ಕೆ ಒಂದೆರಡು ಗಂಟೆ ನಿಲ್ಲೋ ಕಡೆ ಹಾಕಿಕೊಳ್ಳಿ, ತಕರಾರಿಲ್ಲ.

ಪಿವಿಸಿ ಫೋಮ್ ಒಣ ಜಾಗದಲ್ಲಿ ಚೆನ್ನಾಗಿ ಬಾಳುತ್ತದೆ. ನಿಮ್ಮ ಇನ್‌ಸ್ಪೆಕ್ಷನ್ ಟೇಬಲ್‌ಗೆ ಸಾಕು. ಎಣ್ಣೆ ಬೀಳೋ ಕಡೆ ಬೇಡ. ಪಿವಿಸಿ ಮೆತ್ತಗಿರೋದು ಅದಕ್ಕೆ ಬೆರೆಸಿದ ಪ್ಲಾಸ್ಟಿಸೈಸರ್‌ನಿಂದ. ಎಣ್ಣೆ ಅದನ್ನು ಹೀರಿ ಹೊರಗೆ ತೆಗೆಯುತ್ತದೆ. ಆಮೇಲೆ ಮ್ಯಾಟ್ ಬಿರುಸಾಗಿ ಬಿರುಕು ಬಿಡುತ್ತದೆ. ಮೇಲಿನ ಪದರ ಒಂದು ಸಲ ಸೀಳಿದರೆ ಒಳಗಿನ ಫೋಮ್‌ಗೆ ಕೂಲಂಟ್ ಇಳಿದು ನಾರುತ್ತದೆ.

ನ್ಯಾಚುರಲ್ ರಬ್ಬರ್‌ಗೆ ಪುಟಿತ ಚೆನ್ನಾಗಿರುತ್ತದೆ, ಆದರೆ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಎಸ್‌ಬಿಆರ್ ಅನ್ನೋ ಕೃತಕ ರಬ್ಬರ್ ಕಥೆಯೂ ಅದೇ. ಹಳೇ ಟೈರ್ ಪುಡಿ ಒತ್ತಿ ಮಾಡಿದ ಮ್ಯಾಟ್‌ಗಳೂ ಈ ಗುಂಪಿನವೇ. ಎಣ್ಣೆಗೆ ನಿಲ್ಲೋದು ನೈಟ್ರೈಲ್ ರಬ್ಬರ್. ಆಯಿಲ್ ಸೀಲ್, ಓ ರಿಂಗ್ ಎಲ್ಲ ಅದರಲ್ಲೇ ಮಾಡೋದು ಸುಮ್ನೆ ಅಲ್ಲ. ಮೋಲ್ಡ್ ಮಾಡಿದ ಪಾಲಿಯುರೇಥೇನ್ (ಪಿಯು) ಕೂಡ ಎಣ್ಣೆ, ಕೂಲಂಟ್ ಎರಡಕ್ಕೂ ಚೆನ್ನಾಗಿ ತಡೆಯುತ್ತದೆ, ಸವೆತ ಕಡಿಮೆ. ದರ ಕೇಳಿದರೆ ಮಾತ್ರ ಕೂತುಕೊಳ್ಳಬೇಕಾಗುತ್ತದೆ.

ಈಗ ನಿಜವಾದ ತೊಂದರೆ. ಅಂಗಡಿಯಲ್ಲಿ ಕಪ್ಪಗಿರೋದನ್ನೆಲ್ಲ ನೈಟ್ರೈಲ್ ಅಂತಲೇ ಮಾರುತ್ತಾರೆ. ಕಣ್ಣಿಂದ ನೋಡಿ ಹೇಳೋಕಾಗಲ್ಲ. ನೀವೇ ಪರೀಕ್ಷೆ ಮಾಡಿ. ಸ್ಯಾಂಪಲ್‌ನಿಂದ ಬೆರಳುದ್ದದ ಎರಡು ತುಂಡು ಕತ್ತರಿಸಿ. ವರ್ನಿಯರ್‌ನಲ್ಲಿ ದಪ್ಪ ಅಳೆಯಿರಿ, ತೂಕ ಬರೆದಿಡಿ. ಒಂದನ್ನು ನಿಮ್ಮ ಸ್ಲೈಡ್‌ವೇ ಆಯಿಲ್‌ನಲ್ಲಿ, ಇನ್ನೊಂದನ್ನು ಮಷಿನ್ ಟ್ಯಾಂಕ್‌ನಿಂದಲೇ ತೆಗೆದ ಕೂಲಂಟ್‌ನಲ್ಲಿ ಮುಳುಗಿಸಿ ಒಂದು ವಾರ ಬಿಡಿ. ತೆಗೆದು ಒರೆಸಿ ಮತ್ತೆ ಅಳೆಯಿರಿ. ಊದಿ ದಪ್ಪ ಆಗಿದ್ದರೆ, ಉಗುರು ಒತ್ತಿದಾಗ ಜಿಗುಟಾಗಿದ್ದರೆ, ಅಂಗಡಿಯವರು ಏನೇ ಹೇಳಲಿ, ಅದು ನಿಮಗಲ್ಲ.

ಹೊಸಬ_ಹೊಸೂರುರೋಡ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೆತ್ತಗಿದ್ದಷ್ಟೂ, ದಪ್ಪ ಇದ್ದಷ್ಟೂ ಕಾಲಿಗೆ ಒಳ್ಳೇದೇ ಅಲ್ವಾ? ಆನ್‌ಲೈನ್‌ನಲ್ಲಿ 25 ಎಂಎಂ, 30 ಎಂಎಂ ಎಲ್ಲ ಇವೆ. ಅದನ್ನೇ ತಗೊಂಡರೆ ಆಯ್ತಲ್ಲ.

ಅಂಗಾಲು_ಫಿಸಿಯೋ

ಹೊಸಬರೇ, ಅಲ್ಲ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ನಿಂತಾಗ ಸುಸ್ತಾಗೋದು ನೆಲ ಗಟ್ಟಿ ಇರೋದರಿಂದ ಮಾತ್ರ ಅಲ್ಲ. ಅಲುಗದೆ ನಿಲ್ಲೋದರಿಂದ. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಸಡಿಲವಾಗಿ, ಕಾಲಲ್ಲಿರುವ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಕಡೆ ನಿಂತರೆ ಈ ಪಂಪ್ ಕೆಲಸ ನಿಧಾನ ಆಗುತ್ತದೆ. ರಕ್ತ ಕೆಳಗೆ ತಂಗುತ್ತದೆ, ಪಾದ ಊದುತ್ತದೆ, ಸಂಜೆಗೆ ಶೂ ಬಿಗಿಯಾಗುತ್ತದೆ. ಜೊತೆಗೆ ಸೊಂಟ, ತೊಡೆಯ ಸ್ನಾಯುಗಳು ಬಿಡುವಿಲ್ಲದೆ ಬಿಗಿದುಕೊಂಡೇ ಇರುತ್ತವೆ.

ಒಳ್ಳೆ ಮ್ಯಾಟ್ ಮೇಲೆ ನಿಂತರೆ ದೇಹ ಗೊತ್ತಾಗದ ಹಾಗೆ ಸ್ವಲ್ಪ ಸ್ವಲ್ಪ ತೂಕ ಬದಲಿಸುತ್ತಿರುತ್ತದೆ. ಉಪಯೋಗ ಅಷ್ಟೇ. ಅದೇ ಮ್ಯಾಟ್ ತುಂಬಾ ಮೆತ್ತಗಾದರೆ ಮಲ್ಪೆ ಬೀಚಿನ ಒಣ ಮರಳಲ್ಲಿ ನಿಂತ ಹಾಗೆ. ಬ್ಯಾಲೆನ್ಸ್ ಉಳಿಸಿಕೊಳ್ಳೋದಕ್ಕೇ ಕಣಕಾಲು ದುಡಿಯುತ್ತಿರುತ್ತದೆ. ತಿರುಗುವಾಗ ಪಾದ ಹೂತು ಮೊಣಕಾಲು ಮಾತ್ರ ತಿರುಗುತ್ತದೆ. ಭಾರದ ಜಾಬ್ ಹಿಡಿದಿದ್ದರಂತೂ ಇನ್ನೂ ಅಪಾಯ.

ಸಾಮಾನ್ಯವಾಗಿ 12ರಿಂದ 20 ಮಿಲಿಮೀಟರ್ ಸಾಕು. ದಪ್ಪಕ್ಕಿಂತ ಮುಖ್ಯ, ತೂಕ ಬಿದ್ದಾಗ ತಳ ಮುಟ್ಟಬಾರದು. ಹೆಬ್ಬೆರಳಿಂದ ಜೋರಾಗಿ ಒತ್ತಿ ನೋಡಿ. ಕೆಳಗಿನ ನೆಲ ಬೆರಳಿಗೆ ಸಿಕ್ಕಿದರೆ ಬೇಡ. ಬಿಟ್ಟ ಕೂಡಲೇ ಪೂರ್ತಿ ಮೇಲೆ ಬರದಿದ್ದರೂ ಬೇಡ.

ಇನ್ನೊಂದು ವಿಷಯ. 2001ರಲ್ಲಿ ಚಾಮ್ ಮತ್ತು ರೆಡ್‌ಫರ್ನ್ ಅನ್ನೋ ಇಬ್ಬರು ಸಂಶೋಧಕರು ಬೇರೆ ಬೇರೆ ನೆಲದ ಮೇಲೆ ಜನರನ್ನು ನಾಲ್ಕು ನಾಲ್ಕು ಗಂಟೆ ನಿಲ್ಲಿಸಿ ನೋಡಿದರು. ಗಟ್ಟಿ ನೆಲಕ್ಕೂ ಮ್ಯಾಟ್‌ಗೂ ಇರುವ ವ್ಯತ್ಯಾಸ ಸ್ಪಷ್ಟವಾಗಿ ಕಂಡಿದ್ದು ಮೂರನೇ ಗಂಟೆಯಿಂದ ಈಚೆಗೆ. ಅಂದರೆ ಅಂಗಡಿಯಲ್ಲಿ ಐದು ನಿಮಿಷ ನಿಂತು "ಆಹಾ, ಹಾಯಾಗಿದೆ" ಅಂತ ತಗೊಂಡು ಬಂದದ್ದಕ್ಕೆ ಬೆಲೆಯೇ ಇಲ್ಲ.

ನರ ಉಬ್ಬಿರೋ ಆಪರೇಟರ್ ಬಗ್ಗೆ: ಮ್ಯಾಟ್ ಅದನ್ನು ವಾಸಿ ಮಾಡೋದಿಲ್ಲ. ಅವರನ್ನು ಮೊದಲು ಡಾಕ್ಟರ್ ಹತ್ತಿರ ಕಳಿಸಿ. ಮಷಿನ್ ಕೆಳಗೆ ಒಂದು ಕಾಲು ಎತ್ತಿಡೋಕೆ ನಾಲ್ಕೈದು ಇಂಚು ಎತ್ತರದ ಕಟ್ಟೆಯೋ ಪೈಪೋ ಹಾಕಿಸಿ. ಕಾಲು ಬದಲಿಸಿ ಬದಲಿಸಿ ಇಟ್ಟರೆ ಸೊಂಟಕ್ಕೆ ಬಹಳ ಆರಾಮ. ಖರ್ಚೂ ಏನಿಲ್ಲ, ನಿಮ್ಮ ಶಾಪ್‌ನ ಸ್ಕ್ರ್ಯಾಪ್ ಪೈಪೇ ಸಾಕು.

ಹೊಸಬ_ಹೊಸೂರುರೋಡ್

ಗೊತ್ತಾಯ್ತು ಮೇಡಂ. ಹಾಗಾದರೆ ಶೂ ಒಳಗೆ ಒಳ್ಳೆ ಇನ್‌ಸೋಲ್ ಹಾಕಿದರೆ ಮ್ಯಾಟೇ ಬೇಡವಾ?

ಅಂಗಾಲು_ಫಿಸಿಯೋ

ತುಂಬಾ ಓಡಾಡೋರಿಗೆ ಇನ್‌ಸೋಲೇ ವಾಸಿ, ಅದು ಅವರ ಜೊತೆಗೇ ಬರುತ್ತದೆ. ವಿಎಂಸಿ ಎರಡನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರೆ ಅವರಿಗೆ ಅದನ್ನೇ ಕೊಡಿಸಿ. ಒಂದು ಎಚ್ಚರಿಕೆ. ಸ್ಟೀಲ್ ಟೋ ಶೂ ಒಳಗೆ ದಪ್ಪ ಇನ್‌ಸೋಲ್ ತುರುಕಿದರೆ ಬೆರಳು ಮೇಲೆ ಉಜ್ಜುತ್ತದೆ. ಅಡಿ ಸವೆದು ಚಪ್ಪಟೆಯಾದ ಸೇಫ್ಟಿ ಶೂ ಹಾಕಿಕೊಂಡು ಎಷ್ಟು ದುಬಾರಿ ಮ್ಯಾಟ್ ಮೇಲೆ ನಿಂತರೂ ಅಷ್ಟೇ.

ಚೆಕ್ಕಿಂಗ್_ಟೇಬಲ್

ಇಲ್ಲಿ ಎಲ್ಲರೂ ಶೂ ಹಾಕಿದವರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ದೊಡ್ಡಬಳ್ಳಾಪುರ ಕಡೆ ಗಾರ್ಮೆಂಟ್ಸ್‌ನಲ್ಲಿ ಫಿನಿಶಿಂಗ್ ಸೆಕ್ಷನ್ ನೋಡಿಕೊಳ್ಳುತ್ತೇನೆ. ಹೊಲಿಯೋರು ಕೂತಿರುತ್ತಾರೆ. ಚೆಕ್ಕಿಂಗ್, ಐರನಿಂಗ್, ಪ್ಯಾಕಿಂಗ್‌ನವರು ನಿಂತೇ ಇರಬೇಕು. ಹೆಚ್ಚಿನವರು ಹೆಂಗಸರು. ಬಟ್ಟೆಗೆ ಮಣ್ಣಾಗಬಾರದು ಅಂತ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಬರುತ್ತಾರೆ.

ನಮ್ಮಲ್ಲಿ ಯಾರೋ ಮೇಲಿನವರು ಗುಳ್ಳೆ ಗುಳ್ಳೆ ಮ್ಯಾಟ್ ತರಿಸಿ ಹಾಕಿಸಿದರು. ಶೂ ಹಾಕಿದ ಸೂಪರ್‌ವೈಸರ್‌ಗೆ ಅದು ಚೆನ್ನಾಗಿತ್ತು. ಬರಿಗಾಲಿಗೆ ಆ ಗುಳ್ಳೆ ಮೊದಲರ್ಧ ಗಂಟೆ ಮಸಾಜ್, ಆಮೇಲೆ ಹಿಂಸೆ. ಹುಡುಗಿಯರು ಅದನ್ನು ಮಡಚಿ ಟೇಬಲ್ ಕೆಳಗೆ ತಳ್ಳಿ, ಮೇಲೆ ಕಾರ್ಟನ್ ರಟ್ಟು ಹಾಕಿಕೊಂಡು ನಿಂತರು. ಬರಿಗಾಲಾದರೆ ಮೇಲ್ಮೈ ನಯವಾಗಿರಬೇಕು. ಐರನ್ ಟೇಬಲ್ ಹತ್ತಿರ ಸ್ಟೀಮ್ ನೀರು ತೊಟ್ಟಿಕ್ಕುತ್ತದೆ, ಅಲ್ಲಿ ನಯ ಇದ್ದರೆ ಜಾರುತ್ತದೆ. ಹಾಗಾಗಿ ಒಂದೇ ಸೆಕ್ಷನ್‌ನಲ್ಲೂ ಎರಡು ಥರ ಬೇಕಾಗುತ್ತದೆ.

ಮತ್ತೆ ನನ್ನದೊಂದು ಪ್ರಶ್ನೆ. ಮ್ಯಾಟ್ ಬಗ್ಗೆ ಇಷ್ಟೊಂದು ಚರ್ಚೆ ಆಯ್ತು. ಸ್ಟೂಲ್ ಅನ್ನೋ ಪದವನ್ನೇ ಯಾರೂ ಎತ್ತಿಲ್ಲ ಯಾಕೆ?

ಕಾನೂನು_ಕಟ್ಟೆ

ಮೇಡಂ ಎತ್ತಿದ ಮಾತು ಸರಿಯಾಗಿದೆ. 1948ರ ಕಾರ್ಖಾನೆ ಕಾಯ್ದೆಯ ಸೆಕ್ಷನ್ 44 ಇದಕ್ಕೇ ಇತ್ತು. ನಿಂತು ಕೆಲಸ ಮಾಡಲೇಬೇಕಾದವರಿಗೆ, ಕೆಲಸದ ನಡುವೆ ಸಿಗೋ ಬಿಡುವಲ್ಲಿ ಕೂರೋದಕ್ಕೆ ಸರಿಯಾದ ವ್ಯವಸ್ಥೆ ಇರಬೇಕು ಅನ್ನುತ್ತಿತ್ತು. ಕೂತು ಮಾಡಬಹುದಾದ ಕೆಲಸ ಅಂತ ಮುಖ್ಯ ಇನ್‌ಸ್ಪೆಕ್ಟರ್‌ಗೆ ಅನಿಸಿದರೆ ಸೀಟು ಹಾಕಿಸಿ ಅಂತ ಲಿಖಿತ ಆದೇಶವನ್ನೇ ಕೊಡಬಹುದಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ನಿಂತು ಕೆಲಸ ಮಾಡೋರಿಗೆ ಕೂರುವ ವ್ಯವಸ್ಥೆಯ ಮಾತು ಇದೆ.

ಇದು ಕಾರ್ಖಾನೆಗಳ ವಿಷಯ. ಅಂಗಡಿಗಳ ವಿಷಯಕ್ಕೆ ಬಂದರೆ, ಕೇರಳದಲ್ಲಿ ಬಟ್ಟೆ ಅಂಗಡಿ ಹೆಣ್ಣುಮಕ್ಕಳು ಕೂರೋ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಅಲ್ಲಿ 2018ರಲ್ಲಿ ಕಾನೂನು ತಿದ್ದುಪಡಿ ಆಯ್ತು. ತಮಿಳುನಾಡು 2021ರಲ್ಲಿ ಅದನ್ನೇ ಮಾಡಿತು.

ಮ್ಯಾಟ್ ಹಾಕಿ ಅಂತ ಸಂಹಿತೆಯ ಆ ಮಾತಲ್ಲೂ ಇಲ್ಲ. ಕೂರಿಸಿ ಅಂತ ಇದೆ. ಮ್ಯಾಟ್ ಹಾಕಿದ್ದೇವಲ್ಲ, ಇನ್ನು ಸ್ಟೂಲ್ ಯಾಕೆ ಅನ್ನೋ ಮಾಲೀಕರನ್ನು ನೋಡಿದ್ದೇನೆ. ಆ ಲೆಕ್ಕ ನಡೆಯೋದಿಲ್ಲ.

ಉಡುಪಿ_ಭಟ್ಟಿಮನೆ

ನಮ್ಮ ಕಥೆ ಕೇಳಿ ಮಾರಾಯ್ರೇ. ದರ್ಶಿನಿ ಅಡುಗೆಮನೆ ನಮ್ಮದು. ದೋಸೆ ಕಲ್ಲಿನ ಮುಂದೆ ನಿಲ್ಲುವವನ ಕಾಲಡಿ ನೀರು, ಎಣ್ಣೆ, ಹಿಟ್ಟು ಮೂರೂ ಒಟ್ಟಿಗೆ ಇರುತ್ತದೆ. ಅಲ್ಲಿ ತಲತಲಾಂತರದಿಂದ ನಡೆದು ಬಂದದ್ದು ಒದ್ದೆ ಗೋಣಿಚೀಲ. ಜಾರುವುದಿಲ್ಲ, ಬೆಳಿಗ್ಗೆ ಹಾಕಿ ರಾತ್ರಿ ಬಿಸಾಡಬಹುದು. ಆದರೆ ಅದರ ಮೇಲೆ ಬೆಳಿಗ್ಗೆ ಐದರಿಂದ ನಿಂತವನ ಸೊಂಟ ಏನಾಗಬೇಕು?

ಅಡುಗೆಮನೆಗೆ ತೂತಿನ ಮ್ಯಾಟೇ ಆಗಬೇಕು, ನೀರು ಇಳಿದು ಹೋಗಬೇಕು. ನೈಟ್ರೈಲೇ ತೆಗೆದುಕೊಳ್ಳಿ, ಬೇರೆ ರಬ್ಬರ್ ತುಪ್ಪ ಎಣ್ಣೆಗೆ ಊದಿ ಅಂಚು ಮೇಲೆ ಬರುತ್ತದೆ. ದೊಡ್ಡ ಮ್ಯಾಟ್ ತೆಗೆದುಕೊಳ್ಳಬೇಡಿ. ಮೂರಡಿ ಐದಡಿಯ ರಬ್ಬರ್ ಮ್ಯಾಟ್ ಒದ್ದೆಯಾದ ಮೇಲೆ ರಾತ್ರಿ ಹನ್ನೊಂದಕ್ಕೆ ಕ್ಲೀನಿಂಗ್ ಹುಡುಗ ಒಬ್ಬನೇ ಎತ್ತಬೇಕಲ್ಲ. ಎತ್ತುವುದಿಲ್ಲ. ಮೇಲಿಂದ ನೀರು ಹೊಡೆದು ಹೋಗುತ್ತಾನೆ. ಕೆಳಗೆ ಹಿಟ್ಟು ಹುಳಿ ಬಂದು, ಜಿರಳೆ ಸಂಸಾರ ಹೂಡುತ್ತದೆ. ಎರಡಡಿ ಮೂರಡಿಯ ತುಂಡು, ಎರಡು ಸೆಟ್. ಒಂದು ಬಿಸಿ ನೀರು, ಸೋಡಾದಲ್ಲಿ ತೊಳೆದು ಹಿತ್ತಿಲ ಗೋಡೆಗೆ ಒಣಗಲು ಹಾಕಿದಾಗ ಇನ್ನೊಂದು ನೆಲದಲ್ಲಿ.

ಮೂರು_ಜಾ_ಚಕ್

ಭಟ್ಟರು ಹೇಳಿದ್ದು ಮಷಿನ್ ಶಾಪ್‌ಗೂ ಅಷ್ಟೇ ನಿಜ. ಮ್ಯಾಟ್ ಕೆಳಗೆ ನಿಂತ ಕೂಲಂಟ್ ಎರಡು ವಾರ ಬಿಟ್ಟು ಎತ್ತಿ ನೋಡಿ, ಮೂಗು ಮುಚ್ಚಿಕೊಳ್ಳಬೇಕು. ತೂತಿನ ಮ್ಯಾಟ್‌ಗೆ ಇನ್ನೊಂದು ಕಾಟ ಇದೆ. ಸುರುಳಿ ಚಿಪ್ಸ್ ತೂತಲ್ಲಿ ಸಿಕ್ಕಿಕೊಂಡು ಮೇಲೆ ಚಾಚಿಕೊಳ್ಳುತ್ತದೆ, ಪೊರಕೆಗೆ ಬರೋದಿಲ್ಲ. ಹುಕ್ ಹಾಕಿ ಒಂದೊಂದೇ ಎಳೆಯಬೇಕು. ಹಾಗಂತ ತೂತಿಲ್ಲದ್ದು ಹಾಕಿದರೆ ಕೂಲಂಟ್ ಮೇಲೆಯೇ ನಿಂತು ಜಾರುತ್ತದೆ. ಕಾಸ್ಟ್ ಐರನ್ ಮಷಿನ್‌ಗೆ ತೂತಿಲ್ಲದ್ದೇ ಸರಿ. ಪುಡಿ ತೂತಿಗೆ ಇಳಿದರೆ ಗಟ್ಟಿಯಾಗಿ ತುಕ್ಕು ಹಿಡಿದು ಕೂರುತ್ತದೆ.

ಕೂಲಂಟ್ ಜಾಸ್ತಿ ಚೆಲ್ಲೋ ಮಷಿನ್‌ಗೆ ಮೊದಲು ಬಾಗಿಲಿನ ವೈಪರ್, ಸೀಲ್ ಬದಲಿಸಿ ನೋಡಿ ಸರ್. ಸೋರಿಕೆ ನಿಂತರೆ ಮ್ಯಾಟ್ ಆಯ್ಕೆ ಅರ್ಧ ಸುಲಭ ಆಗುತ್ತದೆ.

ಇಎಸ್‌ಡಿ_ಲೈನ್

ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಬೋರ್ಡ್ ಅಸೆಂಬ್ಲಿ ಕೆಲಸ ನನ್ನದು. ಈ ಥ್ರೆಡ್ ಓದಿ ಯಾರಾದರೂ ಎಲೆಕ್ಟ್ರಾನಿಕ್ಸ್ ಲೈನ್‌ಗೆ ಸಾಮಾನ್ಯ ಪಿಯು ಮ್ಯಾಟ್ ತಂದುಬಿಟ್ಟರೆ ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಲೈನ್‌ನಲ್ಲಿ ನಿಂತವರ ಮೈಮೇಲಿನ ಸ್ಟ್ಯಾಟಿಕ್ ವಿದ್ಯುತ್, ಹಿಮ್ಮಡಿಗೆ ಕಟ್ಟಿದ ಹೀಲ್ ಸ್ಟ್ರ್ಯಾಪ್ ಮೂಲಕ ನೆಲಕ್ಕೆ ಇಳಿಯಬೇಕು. ನಡುವೆ ಮಾಮೂಲಿ ಮ್ಯಾಟ್ ಬಂದರೆ ಆ ದಾರಿಯೇ ಕಡಿದುಹೋಗುತ್ತದೆ. ಕಾಲಿಗೆ ಹಾಯಾಗಿರುತ್ತದೆ, ಬೋರ್ಡ್ ಮೇಲಿನ ಐಸಿ ಚಿಪ್ ಸಾಯುತ್ತದೆ.

ಸ್ಟ್ಯಾಟಿಕ್ ಇಳಿಸೋದಕ್ಕೆ ಇಎಸ್‌ಡಿ ಆಂಟಿ ಫಟೀಗ್ ಮ್ಯಾಟ್ ಅಂತಲೇ ಬೇರೆ ಸಿಗುತ್ತದೆ. ಐಇಸಿ 61340-5-1 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನೆಲದ ರೆಸಿಸ್ಟೆನ್ಸ್ 1 ಗಿಗಾ ಓಮ್‌ಗಿಂತ ಕಡಿಮೆ ಇರಬೇಕು. ಸ್ನ್ಯಾಪ್ ಬಟನ್‌ನಿಂದ ಅರ್ಥ್ ಪಾಯಿಂಟ್‌ಗೆ ವೈರ್ ಹೋಗಬೇಕು. ವೈರ್ ಹಾಕದೆ ಸುಮ್ನೆ ಹಾಸಿದ ಇಎಸ್‌ಡಿ ಮ್ಯಾಟ್ ಎಷ್ಟೋ ಕಡೆ ನೋಡಿದ್ದೇನೆ. ಮ್ಯಾಟ್‌ಗೆ ಮೇಣದ ಪಾಲಿಶ್ ಹಾಕಿ ಒರೆಸಿದರೂ ಕೆಡುತ್ತದೆ.

ಪ್ಯಾನೆಲ್_ವೈರ್‌ಮನ್

ಅದಕ್ಕಿಂತ ಅಪಾಯದ ಗೊಂದಲ ಒಂದಿದೆ. ಎಲೆಕ್ಟ್ರಿಕಲ್ ಪ್ಯಾನೆಲ್ ಮುಂದೆ ಹಾಕೋ ಇನ್ಸುಲೇಟಿಂಗ್ ಮ್ಯಾಟ್ ಬೇರೆ, ಇದು ಬೇರೆ. ಅದಕ್ಕೆ ಐಎಸ್ 15652 ಅನ್ನೋ ಭಾರತೀಯ ಮಾನದಂಡದ ಗುರುತು ಇರಬೇಕು. ವೋಲ್ಟೇಜ್ ನೋಡಿಕೊಂಡು ಕ್ಲಾಸ್ ಇದೆ. 3.3 ಕೆವಿಗೆ 2 ಎಂಎಂ, 11 ಕೆವಿಗೆ 2.5 ಎಂಎಂ, 33 ಕೆವಿಗೆ 3 ಎಂಎಂ. ತೆಳ್ಳಗಿದೆಯಲ್ಲ, ನಮ್ಮ ಹತ್ತಿರ ದಪ್ಪ ರಬ್ಬರ್ ಉಳಿದಿದೆ, ಅದನ್ನೇ ಹಾಕೋಣ ಅನ್ನಬೇಡಿ. ಕಪ್ಪು ರಬ್ಬರ್‌ಗೆ ಕಾರ್ಬನ್ ಬ್ಲ್ಯಾಕ್ ಬೆರೆಸಿರುತ್ತಾರೆ, ಅದು ಕರೆಂಟ್ ಹರಿಯಲು ಬಿಡಬಹುದು. ದಪ್ಪ ನೋಡಿ ನಂಬೋ ವಿಷಯ ಇದಲ್ಲ. ಹಾಗೇ ಆ 2 ಎಂಎಂ ಮ್ಯಾಟನ್ನು ಆಪರೇಟರ್ ಕಾಲಡಿ ಹಾಕಿ ಆಂಟಿ ಫಟೀಗ್ ಅಂತ ಬಿಲ್ ಮಾಡೋರೂ ಇದ್ದಾರೆ.

ವೆಲ್ಡರ್_ತುಮಕೂರು

ಕಿಡಿ ಬೀಳೋ ಕಡೆ ಫೋಮ್ ಯಾವುದೂ ಬೇಡ. ಇವಿಎ, ಪಿವಿಸಿ ಎರಡೂ ಕರಗಿ ಅಂಟುತ್ತವೆ. ವೆಲ್ಡಿಂಗ್‌ಗೆ ಅಂತಲೇ ಮಾಡಿದ್ದು ಕೇಳಿ ತಗೊಳ್ಳಿ.

ಪೀಣ್ಯ_ಶಾಪ್

ಇಷ್ಟೊಂದು ಬರುತ್ತದೆ ಅಂತ ಎಣಿಸಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಎಣ್ಣೆ ಪರೀಕ್ಷೆ ಮುಗಿಯಿತು. ತೂತಿನ ಕಪ್ಪು ರಬ್ಬರ್‌ನ ಎರಡು ತುಂಡಲ್ಲಿ, ಸ್ಲೈಡ್‌ವೇ ಆಯಿಲ್‌ನಲ್ಲಿ ಇಟ್ಟದ್ದು ಕಣ್ಣಿಗೇ ಕಾಣೋ ಹಾಗೆ ಊದಿದೆ. ಅಂಗಡಿಯವರು ಅದನ್ನು ನೈಟ್ರೈಲ್ ಅಂತಲೇ ಕೊಟ್ಟಿದ್ದು! ತುಂಡು ತೋರಿಸಿದ ಮೇಲೆ "ಇದು ಬೇರೆ ಲಾಟ್ ಸರ್" ಅಂತ ಇನ್ನೊಂದು ಸ್ಯಾಂಪಲ್ ಕೊಟ್ಟಿದ್ದಾರೆ. ಅದು ಊದಲಿಲ್ಲ. ಬಿಲ್‌ನಲ್ಲಿ ನೈಟ್ರೈಲ್ ಅಂತ ಬರೆದುಕೊಡಿ ಅಂದಿದ್ದೇನೆ.

ಈಗಿನ ಯೋಚನೆ ಹೀಗಿದೆ. ಕೂಲಂಟ್ ಇರೋ ನಾಲ್ಕು ಮಷಿನ್‌ಗೆ ಎರಡಡಿ ಮೂರಡಿಯ ತೂತಿನ ನೈಟ್ರೈಲ್, ಎರಡೆರಡು ತುಂಡು ಪಕ್ಕ ಪಕ್ಕ. ಕಾಸ್ಟ್ ಐರನ್ ಮಷಿನ್‌ಗೆ ತೂತಿಲ್ಲದ ಪಿಯು. ಇನ್‌ಸ್ಪೆಕ್ಷನ್‌ಗೆ ಪಿವಿಸಿ. ವಿಎಂಸಿ ಹುಡುಗನಿಗೆ ಹೊಸ ಶೂ, ಇನ್‌ಸೋಲ್. ಕುಳ್ಳಗಿರುವ ಹುಡುಗನಿಗೆ ಮಾತ್ರ ಏನು ಮಾಡೋದು ಗೊತ್ತಾಗುತ್ತಿಲ್ಲ. ಎರಡು ಮ್ಯಾಟ್ ಒಂದರ ಮೇಲೊಂದು ಹಾಕಲಾ?

ಮೂರು_ಜಾ_ಚಕ್

ಅಯ್ಯೋ ಬೇಡ ಸರ್. ಮ್ಯಾಟ್ ಮೇಲೆ ಮ್ಯಾಟ್ ಜಾರುತ್ತದೆ. ಎಫ್‌ಆರ್‌ಪಿ ಗ್ರೇಟಿಂಗ್‌ನಲ್ಲಿ (ಫೈಬರ್ ಬೆರೆಸಿದ ಪ್ಲಾಸ್ಟಿಕ್ ಜಾಲರಿ) ಗಟ್ಟಿ ಪ್ಲಾಟ್‌ಫಾರ್ಮ್ ಮಾಡಿಸಿ. ನಾಲ್ಕೂ ಕಾಲು ಲೆವೆಲ್ ಮಾಡೋ ಹಾಗಿರಲಿ, ಅಲುಗಬಾರದು. ಅವನ ಎರಡೂ ಪಾದ ಆರಾಮವಾಗಿ ತಿರುಗೋಷ್ಟು ಅಗಲ ಇರಲಿ. ಅದರ ಮೇಲೆ ಒಂದು ಮ್ಯಾಟ್ ಹಾಕಿ ಕ್ಲಾಂಪ್ ಮಾಡಿ. ಪೆಡಲ್ ಕೂಡ ಪ್ಲಾಟ್‌ಫಾರ್ಮ್ ಮೇಲೆ ಬರಬೇಕು, ಆದರೆ ಮ್ಯಾಟ್ ಮೇಲಲ್ಲ, ಗ್ರೇಟಿಂಗ್ ಮೇಲೆ ಬೋಲ್ಟ್ ಹಾಕಿ. ಇಲ್ಲದಿದ್ದರೆ ಪ್ರತಿ ಜಾಬ್‌ಗೂ ಅವನು ಕೆಳಗೆ ಕಾಲಿಡಬೇಕಾಗುತ್ತದೆ. ಬೇರೆ ಶಿಫ್ಟ್‌ನಲ್ಲಿ ಉದ್ದದ ಆಪರೇಟರ್ ಬಂದರೆ ಪಕ್ಕಕ್ಕೆ ಎತ್ತಿಡುವ ಹಾಗೂ ಇರಲಿ.

ಮ್ಯಾಟ್ ಅಂಚು ಇಳಿಜಾರಾಗಿರೋದನ್ನೇ ತಗೊಳ್ಳಿ, ಹಳದಿ ಬಣ್ಣ ಇದ್ದರೆ ಒಳ್ಳೇದು. ಎರಡು ತುಂಡು ಪಕ್ಕ ಪಕ್ಕ ಹಾಕಿದಾಗ ನಡುವಿನ ಸಂದು ಆಪರೇಟರ್ ನಿಲ್ಲೋ ಜಾಗಕ್ಕೆ ಬರಬಾರದು. ಒಂದು ಕಾಲು ಮ್ಯಾಟ್ ಮೇಲೆ, ಇನ್ನೊಂದು ನೆಲದ ಮೇಲೆ ನಿಂತರೆ ಸೊಂಟಕ್ಕೆ ಮ್ಯಾಟ್ ಇಲ್ಲದ್ದಕ್ಕಿಂತ ಕೆಟ್ಟದ್ದು. ನಿಮ್ಮ ಹಳದಿ ಗೆರೆ ನಾಲ್ಕಡಿ ಅಂದಿರಲ್ಲ, ಮ್ಯಾಟ್ ಅದರೊಳಗೇ ಮುಗಿಯಲಿ. ಹ್ಯಾಂಡ್ ಪ್ಯಾಲೆಟ್ ಚಕ್ರ ಒಂದು ಸಲ ಹತ್ತಿದರೆ ಅಂಚು ಹರಿದುಹೋಗುತ್ತದೆ. ಶಾಪ್ ಪೂರ್ತಿ ಹಾಸೋ ಮಾತೇ ಬೇಡ.

ಅಂಗಾಲು_ಫಿಸಿಯೋ

ಒಟ್ಟಿಗೇ ಎಲ್ಲ ಕೊಳ್ಳಬೇಡಿ. ಎರಡು ಮಷಿನ್‌ಗೆ ಹಾಕಿ, ಕೆಲವು ವಾರ ಬಿಡಿ. ಹೇಗಿದೆ ಅಂತ ಬೆಳಿಗ್ಗೆ ಕೇಳಬೇಡಿ, ಬೆಳಿಗ್ಗೆ ಎಲ್ಲವೂ ಚೆನ್ನಾಗೇ ಇರುತ್ತದೆ. ಶಿಫ್ಟ್ ಮುಗಿಯುವಾಗ ಕೇಳಿ. ಪಾದ, ಮೊಣಕಾಲು, ಸೊಂಟ ಬೇರೆ ಬೇರೆಯಾಗಿ ಕೇಳಿ. ಮ್ಯಾಟ್ ಹಾಕದ ಮಷಿನ್‌ನವರನ್ನೂ ಅದೇ ಪ್ರಶ್ನೆ ಕೇಳಿ, ಇಲ್ಲದಿದ್ದರೆ ಹೋಲಿಸೋದಕ್ಕೆ ಏನಿರುತ್ತದೆ?

ಚೆಕ್ಕಿಂಗ್_ಟೇಬಲ್

ಮಾಲೀಕರು ಎದುರು ನಿಂತು ಕೇಳಿದರೆ "ಚೆನ್ನಾಗಿದೆ ಸರ್" ಅಂತಲೇ ಹೇಳುತ್ತಾರೆ. ಚೀಟಿಯಲ್ಲಿ ಬರೆಸಿ, ಹೆಸರು ಬೇಡ. ಇಲ್ಲ, ಮ್ಯಾಟ್ ಎಲ್ಲಿದೆ ಅಂತ ನೋಡಿ. ಕಾಲಡಿ ಇದ್ದರೆ ಚೆನ್ನಾಗಿದೆ, ಮಷಿನ್ ಹಿಂದೆ ಸುತ್ತಿಟ್ಟಿದ್ದರೆ ಇಲ್ಲ. ಮತ್ತೆ ಸ್ಟೂಲ್ ಏನಾಯ್ತು ಸರ್? ಅದಕ್ಕೆ ನೀವು ಉತ್ತರವೇ ಕೊಟ್ಟಿಲ್ಲ.

ಪೀಣ್ಯ_ಶಾಪ್

ಮರೆತಿಲ್ಲ ಮೇಡಂ. ಪಾರ್ಟ್‌ನರ್ ಜೊತೆ ಮಾತಾಡಿದೆ. ಅವರ ಭಯ ಬೇರೆ. ಕಸ್ಟಮರ್ ಬಂದಾಗ ಆಪರೇಟರ್ ಕೂತಿದ್ದರೆ ಕೆಲಸ ಇಲ್ಲ ಅಂದುಕೊಳ್ಳುತ್ತಾರಂತೆ. ನಾಲ್ಕು ನಿಮಿಷದ ಸೈಕಲ್ ಟೈಮ್‌ನಲ್ಲಿ ಮಷಿನ್ ತಾನೇ ಓಡುತ್ತಿರುತ್ತದೆ, ಆ ಹೊತ್ತಲ್ಲಿ ಕೂತರೆ ಏನು ಕಳೆದುಹೋಗುತ್ತದೆ ಅಂದೆ. ಕಾನೂನಲ್ಲೇ ಇದೆ ಅಂದ ಮೇಲೆ ಸ್ವಲ್ಪ ಮೆತ್ತಗಾದರು. ಎತ್ತರದ, ಚಕ್ರ ಇಲ್ಲದ ಸ್ಟೂಲ್. ಎರಡು ಮಷಿನ್‌ಗೆ ಒಂದರಂತೆ ತರಿಸೋಣ ಅಂತ ಒಪ್ಪಿದ್ದಾರೆ.

ಚೆಕ್ಕಿಂಗ್_ಟೇಬಲ್

ಎರಡು ಮಷಿನ್‌ಗೆ ಒಂದು ಬೇಡ ಸರ್. ನಡುವೆ ಒಂದೇ ಸ್ಟೂಲ್ ಇಟ್ಟರೆ ಎರಡನೇ ದಿನ ಅದರ ಮೇಲೆ ಇನ್ಸರ್ಟ್ ಡಬ್ಬ, ವರ್ನಿಯರ್, ಯಾರದೋ ಟಿಫನ್ ಕ್ಯಾರಿಯರ್ ಇರುತ್ತದೆ. ಒಬ್ಬರಿಗೊಂದು ಕೊಡಿ. ಡಬ್ಬ ಇಡೋದಕ್ಕೆ ಬೇರೆ ಶೆಲ್ಫ್ ಹೊಡೆಸಿ.